ಪೆಟ್ರೋಲಿಗೆ ಐವತ್ತು ಪೈಸೆ ಜಾಸ್ತಿ ಹಾಕಿ, ಕೊಡ್ತೀನಿ. ಆದರೆ...

ಕಳೆದ ವಾರ ಯಶವಂತಪುರದಿಂದ ತುಮಕೂರಿಗೆ ಬಂದು ಇಳಿದಾಗ ರಾತ್ರಿ ಹತ್ತಕ್ಕೆ ಹತ್ತು ನಿಮಿಷ ಇತ್ತು. ಅರವತ್ತು ಚಿಲ್ಲರೆ ಕಿಲೋಮೀಟರ್ ಬಂದಿದ್ದೆ. ತಿಂಗಳ ಪಾಸಿನ ಲೆಕ್ಕ ಹಾಕಿದರೆ ಅದಕ್ಕೆ ಬಿದ್ದಿದ್ದು ಹತ್ತು ರೂಪಾಯಿಗೂ ಕಮ್ಮಿ. ಸ್ಟೇಷನ್ನಿಂದ ಮರಳೂರಿನ ಮನೆಗೆ ಹೋಗೋಕೆ ಆಟೊದವರು ಕೇಳಿದ್ದು ನೂರೈವತ್ತು. ಬಸ್ಸು? ಆ ಹೊತ್ತಿಗೆ ಬಸ್ಸಿನ ಮಾತು ಎತ್ತಿದರೆ ಸ್ಟೇಷನ್ ಮುಂದಿನ ಟೀ ಅಂಗಡಿಯವನೇ ನಗ್ತಾನೆ.

ಟ್ರೈನಿನಲ್ಲಿ ಬರುವಾಗ ಪೂರ್ತಿ ಮೆಟ್ರೊದ್ದೇ ಮಾತು. ನಮ್ಮ ಪಾಸಿನವರ ಗುಂಪಿಗೆ ಅದು ಈಗ ಕ್ರಿಕೆಟ್‌ಗಿಂತ ದೊಡ್ಡ ವಿಷಯ. ಬೆಂಗಳೂರಿನ ಅಂಚಿನ ಮಾದಾವರದ ತನಕ ಮೆಟ್ರೊ 2024ರ ನವೆಂಬರ್‌ನಲ್ಲಿ ಬಂತು. ಅದನ್ನು ತುಮಕೂರಿಗೆ ತರುವ ಮಾತು ಅದೇ ವರ್ಷದ ರಾಜ್ಯ ಬಜೆಟ್‌ನಲ್ಲಿ ಬಂದಿತ್ತು, ಖಾಸಗಿ ಸಹಭಾಗಿತ್ವದಲ್ಲಿ ಅಂತ. ಬರಲಿ, ಬೇಡ ಅನ್ನೋಕೆ ನಾನ್ಯಾರು? ಆದರೆ ಮೆಟ್ರೊದಿಂದ ಇಳಿದ ಮೇಲೂ ನಾನು ಮರಳೂರಿಗೆ ಹೋಗಬೇಕಲ್ಲ. ಅವತ್ತೂ ಅದೇ ಆಟೊ, ಅದೇ ನೂರೈವತ್ತು. ಇನ್ನೂರೇ ಆಗಿರುತ್ತೆ ಬಿಡಿ.

ನಮ್ಮ ಜಿಲ್ಲೆಗೆ ಬೇಕಿರೋದು ಬಸ್ಸು. ಬಸ್ಸಿಗೆ ದುಡ್ಡು ಬೇಕು. ಆ ದುಡ್ಡು ಎಲ್ಲಿಂದ ಬರಬೇಕು ಅನ್ನೋದರ ಬಗ್ಗೆ ನನ್ನದೊಂದು ವಿಚಾರ ಇದೆ. ಓದಿ ಬೈಯ್ಯುವವರು ಪೂರ್ತಿ ಓದಿ ಬೈಯ್ಯಿರಿ.

ಅಕ್ಕನ ಮಗ ಅಮೆರಿಕದ ಅಟ್ಲಾಂಟಾ ಹತ್ತಿರ ಇದ್ದಾನೆ, ಗ್ವಿನೆಟ್ ಅನ್ನೋ ಕೌಂಟಿಯಲ್ಲಿ. ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ ಅಂತಿಟ್ಟುಕೊಳ್ಳಿ. ಅಲ್ಲಿ ಬಸ್ಸು, ರೈಲಿಗೆ ದುಡ್ಡು ಬೇಕಾದರೆ ಊರಿನವರನ್ನೇ ಕೇಳ್ತಾರೆ. ಅಂಗಡಿಯಲ್ಲಿ ಕೊಳ್ಳುವ ಸಾಮಾನಿನ ಮೇಲೆ ಡಾಲರಿಗೆ ಅರ್ಧ ಸೆಂಟೋ ಒಂದು ಸೆಂಟೋ ಜಾಸ್ತಿ ತೆರಿಗೆ ಹಾಕೋಣವಾ, ಓಟು ಹಾಕಿ ಹೇಳಿ ಅಂತ. 1971ರಲ್ಲಿ ಅಟ್ಲಾಂಟಾದ ಎರಡು ಕೌಂಟಿಗಳು, ಫುಲ್ಟನ್ ಮತ್ತು ಡಿಕಾಲ್ಬ್, ಒಂದು ಸೆಂಟಿಗೆ ಹೂಂ ಅಂದವು. ಅದಾಗಿ ಸ್ವಲ್ಪ ದಿನಕ್ಕೆ ಬಸ್ ಚಾರ್ಜು 40 ಸೆಂಟಿನಿಂದ 15 ಸೆಂಟಿಗೆ ಇಳಿಯಿತು. ತೆರಿಗೆ ಏರಿತು, ಟಿಕೆಟ್ ಇಳಿಯಿತು, ಎರಡೂ ಜನರ ಕಣ್ಣೆದುರಿಗೇ ಆಯಿತು.

ಪಕ್ಕದ ಕ್ಲೇಟನ್ ಕೌಂಟಿ ಅವತ್ತು ಬೇಡ ಅಂದಿತ್ತು. 2010ರಲ್ಲಿ ಅವರ ಸ್ವಂತ ಬಸ್ಸುಗಳೂ ನಿಂತುಹೋದವು. ನಾಲ್ಕು ವರ್ಷ ಬಸ್ಸಿಲ್ಲದ ರುಚಿ ಕಂಡ ಮೇಲೆ, 2014ರಲ್ಲಿ ಅದೇ ಜನ ಅದೇ ಒಂದು ಸೆಂಟಿಗೆ ಭಾರಿ ಬಹುಮತದಲ್ಲಿ ಓಟು ಹಾಕಿದರು. ನಮ್ಮ ಹುಡುಗನ ಗ್ವಿನೆಟ್ ಮಾತ್ರ ಜಗ್ಗಿಲ್ಲ. 1990, 2019, 2020, 2024, ಕೇಳಿದಾಗಲೆಲ್ಲ ಬೇಡ ಅಂದಿದೆ. ಯಾಕೋ ಅಂತ ಕೇಳಿದೆ. "ಮಾಮ, ನಮ್ಮನೇಲಿ ಎರಡು ಕಾರಿದೆ, ಯಾರು ಬಸ್ಸು ಹತ್ತುತಾರೆ" ಅಂದ. ಇವನು ನಮ್ಮ ಶಿರಾ ಗೇಟಿನಿಂದ ಎಸ್‌ಐಟಿ ಕಾಲೇಜಿಗೆ ಬಸ್ಸಿನಲ್ಲಿ ನೇತಾಡಿಕೊಂಡು ಹೋಗಿ ಎಂಜಿನಿಯರ್ ಆದವನು!

ಲಾಸ್ ಏಂಜಲೀಸ್‌ನದು ಇನ್ನೊಂದು ಥರ. ಅಲ್ಲಿ ಇಂಥ ತೆರಿಗೆಗೆ ಮೂರರಲ್ಲಿ ಎರಡು ಪಾಲು ಜನ ಒಪ್ಪಬೇಕಿತ್ತು. 2008ರಲ್ಲಿ ಅರ್ಧ ಸೆಂಟಿಗೆ ಒಪ್ಪಿದರು. 2012ರಲ್ಲಿ ಅದನ್ನು ಇನ್ನೂ ಮುಂದಕ್ಕೆ ಎಳೆಯೋಣ ಅಂದಾಗ ಶೇ 66.1 ಜನ ಹೂಂ ಅಂದರೂ ಬಿದ್ದುಹೋಯಿತು. ಕೂದಲೆಳೆ ಅಂತರ. 2016ರಲ್ಲಿ ಇನ್ನೊಂದು ಅರ್ಧ ಸೆಂಟು ಕೇಳಿದರು, ಸುಮಾರು ಶೇ 71 ಓಟು ಬಿತ್ತು. ಕೇಳುವಾಗಲೇ ಯಾವ ಲೈನು, ಯಾವ ರಸ್ತೆ ಅಂತ ಪಟ್ಟಿ ಮುಂದೆ ಇಟ್ಟಿದ್ದರು. ನನಗೆ ತೆರಿಗೆಗಿಂತ ಆ ಪಟ್ಟಿ ಇಷ್ಟವಾಯಿತು.

ಈಗ ನಮ್ಮೂರಿಗೆ ಬನ್ನಿ.

ನಮ್ಮಲ್ಲಿ ಊರಿನ ತೆರಿಗೆ ಇರಲಿಲ್ಲ ಅಂತಲ್ಲ. ಆಕ್ಟ್ರಾಯ್ ಇತ್ತು. ಅಪ್ಪ ಗಾಡಿಯಲ್ಲಿ ಹುಣಸೆಹಣ್ಣು, ಕಡಲೆಕಾಯಿ ಹೇರಿಕೊಂಡು ಬಂದಾಗ ಊರ ಬಾಗಿಲಲ್ಲಿ ನಿಲ್ಲಿಸಿ ವಸೂಲಿ ಮಾಡುತ್ತಿದ್ದರಂತೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಅಂತ ಗಾದೆಯೇ ಇದೆಯಲ್ಲ, ಅದೇ. ಕರ್ನಾಟಕದಲ್ಲಿ 1979ರಲ್ಲಿ ಅದು ಹೋಯಿತು. ಹೋಗಿದ್ದು ಒಳ್ಳೆಯದೇ. ಆದರೆ ಅದರ ಜೊತೆ ಊರಿನ ಕೈಯಲ್ಲಿದ್ದ ದುಡ್ಡಿನ ಚೀಲವೂ ಹೋಯಿತು. ಆಮೇಲೆ 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತು. ಇನ್ನು ಅಂಗಡಿ ಸಾಮಾನಿನ ಮೇಲೆ ತುಮಕೂರಿನವರು ತಮ್ಮದೇ ಅಂತ ಅರ್ಧ ಪೈಸೆ ಹಾಕುವ ಹಾಗಿಲ್ಲ.

ಆದರೆ ಪೆಟ್ರೋಲು, ಡೀಸೆಲ್ಲು ಇನ್ನೂ ಜಿಎಸ್‌ಟಿಯ ಹೊರಗಿವೆ. ಅವುಗಳ ಮೇಲಿನ ಮಾರಾಟ ತೆರಿಗೆ ರಾಜ್ಯದ ಕೈಯಲ್ಲೇ ಇದೆ. 2024ರ ಜೂನ್‌ನಲ್ಲಿ ಪೆಟ್ರೋಲಿನದು ಶೇ 25.92ರಿಂದ 29.84ಕ್ಕೆ ಹೋಯಿತು, ಲೀಟರಿಗೆ ಮೂರು ರೂಪಾಯಿ. 2025ರ ಏಪ್ರಿಲ್‌ನಲ್ಲಿ ಡೀಸೆಲ್ಲಿನದು 21.17 ಆಯಿತು. ನಾವು ಗೊಣಗಿಕೊಂಡು ಕೊಟ್ಟೆವು. ಅದರಲ್ಲಿ ಎಷ್ಟು ನಮ್ಮೂರ ಬಸ್ಸಿಗೆ ಬಂತು ಅಂತ ಯಾರಾದರೂ ನಮಗೆ ಲೆಕ್ಕ ಹೇಳಿದರಾ?

ಮನೆ ಕಂದಾಯದ ರಸೀದಿಯನ್ನೂ ಒಮ್ಮೆ ಕಣ್ಣರಳಿಸಿ ನೋಡಿ. ಆರೋಗ್ಯ ಸೆಸ್ಸು, ಲೈಬ್ರರಿ ಸೆಸ್ಸು, ಭಿಕ್ಷುಕರ ಸೆಸ್ಸು, ಅದರ ಜೊತೆ ನಗರ ಸಾರಿಗೆ ಸೆಸ್ಸು ಅಂತ ಶೇ 2. ಅಂದರೆ ಬಸ್ಸಿನ ಹೆಸರಲ್ಲಿ ಆಗಲೇ ಕೊಡ್ತಾ ಇದ್ದೀವಿ. ಅದು ಮೇಲೆ ರಾಜ್ಯದ ನಿಧಿಗೆ ಹೋಗುತ್ತೆ. ಅಲ್ಲಿಂದ ಕೆಳಗೆ ಬರೋಕೆ ಅದಕ್ಕೇ ಬಸ್ಸಿಲ್ಲವೇನೋ.

ನಾನು ಹೇಳೋದು ಇಷ್ಟು. ತುಮಕೂರು ಜಿಲ್ಲೆಯ ಬಂಕುಗಳಲ್ಲಿ ಲೀಟರಿಗೆ ಐವತ್ತು ಪೈಸೆ ಜಾಸ್ತಿ ಹಾಕಿ. ವಿಧಾನಸಭೆಯಲ್ಲಿ ಕಾನೂನು ಮಾಡಿ ಹಾಕಿ. ಆದರೆ ಆ ದುಡ್ಡು ಜಿಲ್ಲೆಯ ಗಡಿ ದಾಟಬಾರದು. ಯಾವ ರೂಟಿಗೆ, ಎಷ್ಟು ಬಸ್ಸಿಗೆ ಅಂತ ವಸೂಲಿ ಶುರುವಾಗೋ ಮುಂಚೆಯೇ ಪಟ್ಟಿ ಹಾಕಬೇಕು. ಪ್ರತಿ ವರ್ಷ ಟೌನ್‌ಹಾಲ್ ಮುಂದೆ ಬೋರ್ಡಿನಲ್ಲಿ ಲೆಕ್ಕ ಬರೆಯಬೇಕು. ಒಂದೇ ರಾಜ್ಯದಲ್ಲಿ ಒಂದೊಂದು ಊರಿಗೆ ಒಂದೊಂದು ತೆರಿಗೆ ಹೇಗ್ರೀ ಅಂತ ಕೇಳಬಹುದು. ಮಹಾರಾಷ್ಟ್ರದಲ್ಲಿ ಇತ್ತಲ್ಲ. 2024ರ ಬದಲಾವಣೆ ಆಗುವ ತನಕ ಮುಂಬೈ, ಠಾಣೆ, ನವಿ ಮುಂಬೈನಲ್ಲಿ ಪೆಟ್ರೋಲಿಗೆ ಶೇ 26, ಉಳಿದ ಕಡೆ 25.

ನನ್ನ ಸ್ಕೂಟರಿಗೆ ತಿಂಗಳಿಗೆ ಹದಿನೈದು ಲೀಟರ್ ಬೇಕು. ಏಳೂವರೆ ರೂಪಾಯಿ. ಒಂದು ಕಾಫಿಗೂ ಆಗಲ್ಲ.

ಆದರೆ ಈ ಲೆಕ್ಕ ನನ್ನಂಥವನಿಗೆ ಸುಲಭ. ಪಕ್ಕದ ಮನೆ ಹುಡುಗ ವಸಂತನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಶಿಫ್ಟ್ ಕೆಲಸ ಮಾಡ್ತಾನೆ. ದಿನಾ ಹೋಗಿ ಬರೋಕೆ ನಲವತ್ತು ಕಿಲೋಮೀಟರ್. ಎರಡನೇ ಶಿಫ್ಟ್ ಬಿಟ್ಟಾಗ ಬಸ್ಸು ಸಿಗಲ್ಲ ಅಂತ ಸಾಲ ಮಾಡಿ ಬೈಕ್ ತಗೊಂಡ. ತಿಂಗಳಿಗೆ ಇಪ್ಪತ್ತೈದು ಲೀಟರ್ ಆದರೂ ಹನ್ನೆರಡೂವರೆ ರೂಪಾಯಿ, ಮೇಲೆ ಇಎಂಐ. ಬಸ್ಸಿಲ್ಲ ಅಂತ ಬೈಕ್ ತಗೊಂಡವನ ಹತ್ತಿರವೇ ಬಸ್ಸಿಗೆ ದುಡ್ಡು ಕೇಳೋದು ನ್ಯಾಯವಾ? ಇದು ನನ್ನನ್ನು ಕಾಡ್ತಾ ಇದೆ. ಅದಕ್ಕೇ ಪಟ್ಟಿಯಲ್ಲಿ ಮೊದಲ ಸಾಲು ಅವನ ಶಿಫ್ಟಿನ ಬಸ್ಸೇ ಆಗಬೇಕು ಅಂತೀನಿ. ಮೊದಲು ಬಸ್ಸು ಓಡಲಿ, ಆರು ತಿಂಗಳಾದ ಮೇಲೆ ಪೈಸೆ ಕೀಳಿ. ಉಲ್ಟಾ ಮಾಡಿದರೆ ಜನ ನಂಬಲ್ಲ, ನಂಬಲೂಬಾರದು.

ನಮ್ಮ ಜಿಲ್ಲೆಯದೇ ಪಾವಗಡದ ಕಥೆ ಬೇರೆ. ಹೆಚ್ಚುಕಮ್ಮಿ ಸುತ್ತ ಆಂಧ್ರ. ಅಲ್ಲಿ ಪೆಟ್ರೋಲ್ ನಮಗಿಂತ ತುಟ್ಟಿ, ಹಾಗಾಗಿ ಆ ಕಡೆಯವರೂ ನಮ್ಮ ಬಂಕಿಗೆ ಬಂದು ತುಂಬಿಸಿಕೊಂಡು ಹೋಗ್ತಾರೆ. ಐವತ್ತು ಪೈಸೆಗೆ ಅವರೇನೂ ಓಡಿಹೋಗಲ್ಲ. ಆದರೆ ಪಾವಗಡದವನು ಕೊಟ್ಟ ಪೈಸೆಯಲ್ಲಿ ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಎಸಿ ಬಸ್ಸು ಓಡಿಸಿದರೆ ಅವನು ಬಿಡ್ತಾನಾ? ಮಧುಗಿರಿ, ಪಾವಗಡದ ಕಡೆ ಇವತ್ತಿಗೂ ಖಾಸಗಿ ಬಸ್ಸಿನದ್ದೇ ಕಾರುಬಾರು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗ ಊರೆಲ್ಲ ಹೆಂಗಸರಿಗೆ ಫ್ರೀ ಅಂತ ಸಂಭ್ರಮ. ಖಾಸಗಿ ಬಸ್ಸಿನಲ್ಲಿ ಶಕ್ತಿ ನಡೆಯಲ್ಲ. ನನ್ನ ಹೆಂಡತಿಯ ತವರು ಆ ಕಡೆಯೇ. "ಫ್ರೀ ಕೊಟ್ಟರು, ಹತ್ತೋಕೆ ಬಸ್ಸು ಕೊಡಲಿಲ್ಲ" ಅಂತಾಳೆ. ತೆರಿಗೆ ಹಾಕುವವರು ಅವಳ ಮಾತನ್ನೂ ಪಟ್ಟಿಗೆ ಸೇರಿಸಿಕೊಳ್ಳಲಿ.

ಟಿಕೆಟ್ ದುಡ್ಡಿನಲ್ಲೇ ಬಸ್ಸು ಓಡಿಸಿ ಅನ್ನುವವರಿಗೆ ಒಂದು ಮಾತು. 2025ರ ಜನವರಿಯಲ್ಲಿ ಚಾರ್ಜು ಶೇ 15 ಏರಿಸಿದ್ದೂ ಆಯಿತು. ರಾತ್ರಿ ಹತ್ತರ ಬಸ್ಸಿಗೆ ಎಂಟು ಜನ ಹತ್ತುತಾರೆ. ಆ ಎಂಟು ಟಿಕೆಟ್ಟಿನಲ್ಲಿ ಡೀಸೆಲ್ಲೂ ಹುಟ್ಟಲ್ಲ. ಆದರೆ ಆ ಬಸ್ಸು ಇದೆ ಅನ್ನೋ ಧೈರ್ಯಕ್ಕೇ ಬೆಳಗ್ಗೆ ಎಂಬತ್ತು ಜನ ಗಾಡಿ ಮನೆಯಲ್ಲಿ ಬಿಟ್ಟು ಬರ್ತಾರೆ.

ಇದನ್ನೆಲ್ಲ ಅವತ್ತು ರಾತ್ರಿ ಆಟೊದಲ್ಲಿ ಕೂತು ಡ್ರೈವರಿಗೂ ಹೇಳಿದೆ. ಸುಮ್ನೆ ಕೇಳಿಸಿಕೊಂಡ. ಮರಳೂರು ಕೆರೆ ದಾಟಿದ ಮೇಲೆ ಹೇಳಿದ: "ನಂದು ಗ್ಯಾಸ್ ಗಾಡಿ ಸಾರ್. ನಿಮ್ಮ ಐವತ್ತು ಪೈಸೆ ನಂಗೆ ತಟ್ಟಲ್ಲ. ಬಸ್ಸು ಬಂದ್ರೆ ತಟ್ಟುತ್ತೆ."

ನೂರೈವತ್ತು ಕೊಟ್ಟು ಇಳಿದೆ.