ಕ್ಯಾನೊಪಿಗೆ ಒಂದು ಗೆರೆ ಹಾಕಿಕೊಡಿ

ರೇಡಿಯೋ ನಿಯಂತ್ರಿತ ಸ್ಪಿಟ್‌ಫೈರ್ ಯುದ್ಧವಿಮಾನದ ಮಾದರಿಯ ಕಿಟ್‌ಗೆ ಅಷ್ಟು ಹಣ ತೆಗೆದುಕೊಳ್ಳುವವರು, ಪೈಲಟ್ ಕೂರುವ ಜಾಗವನ್ನು ಮುಚ್ಚುವ ಪಾರದರ್ಶಕ ಕ್ಯಾನೊಪಿಯ ಮೇಲೆ ಕತ್ತರಿಸುವ ಗೆರೆಯೊಂದನ್ನು ಏಕೆ ಮೂಡಿಸುವುದಿಲ್ಲ? ಕೈಪಿಡಿಯಲ್ಲಿ ‘ಅಳತೆಗೆ ಕತ್ತರಿಸಿ ಅಂಟಿಸಿ’ ಎಂಬ ಒಂದೇ ಸಾಲು! ಉಳಿದ ಭಾಗಗಳ ಬಾಲ್ಸಾ ಎಂಬ ಹಗುರ ಮರವಾದರೆ ಉಜ್ಜಿ, ತುಂಡು ಸೇರಿಸಿ ಸರಿಪಡಿಸಬಹುದು. ಬಿಸಿ ಮಾಡಿ ಅಚ್ಚಿಗೆ ಎಳೆದ ಈ ತೆಳು ಪ್ಲಾಸ್ಟಿಕ್ ಹಪ್ಪಳದ ಹಾಗೆ. ಅಂಚಿನಲ್ಲಿ ಬಿರುಕು ಬಿಟ್ಟರೆ ಮುಗಿಯಿತು. ಬಿಡಿಯಾಗಿ ಇನ್ನೊಂದನ್ನು ಮಾರುವುದೂ ಇಲ್ಲ.

ಅದಕ್ಕಿಂತ ಸಿಟ್ಟು ಬರಿಸುವುದು ಅಂಟಿನ ವಿಷಯ. ಉಳಿದೆಡೆಯೆಲ್ಲ ಬಳಸುವ ಸೈನೊಅಕ್ರಿಲೇಟ್ ಎಂಬ ತಟ್ಟನೆ ಹಿಡಿಯುವ ಅಂಟಿನ ಆವಿ ತಗುಲಿದರೆ ಸಾಕು, ಒಳಗೆಲ್ಲ ಬಿಳಿ ಮಂಜು ಕಟ್ಟುತ್ತದೆ. ಪೈಲಟ್ ಬೊಂಬೆಯ ಮುಖವೇ ಕಾಣುವುದಿಲ್ಲ. ಒಣಗಿದ ಮೇಲೆ ತಿಳಿಯಾಗುವ ಕ್ಯಾನೊಪಿ ಅಂಟೇ ಬೇಕು, ಟೇಪ್ ಹಾಕಿ ರಾತ್ರಿಯಿಡೀ ಬಿಡಬೇಕು. ಇಷ್ಟನ್ನು ಕೈಪಿಡಿಯಲ್ಲಿ ಮುದ್ರಿಸಲು ಇವರಿಗೇನು ಧಾಡಿ?