ನಿಂಬೆರಸದ ನೀಲಿ ಹೊಳಪು: ಒಂದು ಸ್ಪಷ್ಟನೆ

ಮುಂಬಯಿಯ ಮಾಟುಂಗಾ, ಅದರಾಚೆಯ ಡೊಂಬಿವಲಿ ಕಡೆಯ ಕನ್ನಡ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ: "ನಿಂಬೆರಸಕ್ಕೆ ಯೂರಿಯಾ ಹಾಕಿ ಮೈಕ್ರೋವೇವ್‌ನಲ್ಲಿ ಕಾಯಿಸಿ. ಯುವಿ ಟಾರ್ಚ್‌ಗೆ ನೀಲಿ ಹೊಳೆದರೆ ಕಾರ್ಬನ್ ಡಾಟ್ ಸಿದ್ಧ. 2023ರ ನೊಬೆಲ್ ಇದಕ್ಕೇ. ಕುಡಿದರೆ ಕ್ಯಾನ್ಸರ್ ಕೋಶ ಹೊಳೆಯುತ್ತದೆ." ಮೂರು ಮಾತೂ ತಪ್ಪು.

ಬಾವೆಂಡಿ, ಬ್ರೂಸ್, ಎಕಿಮೊವ್ ಎಂಬ ವಿಜ್ಞಾನಿಗಳಿಗೆ ಆ ನೊಬೆಲ್ ಬಂದದ್ದು ಕ್ವಾಂಟಮ್ ಡಾಟ್‌ಗಳಿಗಾಗಿ, ಅಂದರೆ ಅರೆವಾಹಕದ (ಸೆಮಿಕಂಡಕ್ಟರ್) ಅತಿ ಸೂಕ್ಷ್ಮ ಕಣಗಳಿಗಾಗಿ. ಕಾರ್ಬನ್ ಡಾಟ್ ಎಂದರೆ ಇಂಗಾಲದ ಹೊಳೆಯುವ ಸೂಕ್ಷ್ಮ ಕಣ, ಅದು ಬೇರೆಯೇ ವಸ್ತು.

ಹೊಳಪಿನ ವಿಷಯದಲ್ಲಿ ಕಲಿತವರೂ ಎಡವುತ್ತಾರೆ. ಸಿಟ್ರಿಕ್ ಆಮ್ಲ, ಯೂರಿಯಾ ಒಟ್ಟಿಗೆ ಕಾದಾಗ ಸಿಟ್ರಾಜಿನಿಕ್ ಆಮ್ಲದಂಥ ಸಣ್ಣ ಅಣುಗಳೂ ಹುಟ್ಟುತ್ತವೆ. ಅವೂ ನೀಲಿಯಾಗಿಯೇ ಹೊಳೆಯುತ್ತವೆ. ಆ ಕಂದು ದ್ರಾವಣವನ್ನು ಸಣ್ಣ ಅಣುಗಳನ್ನಷ್ಟೇ ಹೊರಬಿಡುವ ಡಯಾಲಿಸಿಸ್ ಚೀಲಕ್ಕೆ (ಮಿತಿ 1 ಕಿಲೊಡಾಲ್ಟನ್, ಅಣುತೂಕದ ಅಳತೆ) ತುಂಬಿ, ನೀರು ಬದಲಿಸುತ್ತಾ 24ರಿಂದ 48 ಗಂಟೆ ಇಡಬೇಕು. ಎಷ್ಟೋ ಸಲ ಟಾರ್ಚ್ ಹಿಡಿದರೆ ಚೀಲದ ಹೊರಗಿನ ನೀರೇ ಜಗಜಗಿಸುತ್ತದೆ, ಒಳಗೆ ಉಳಿದದ್ದು ಮಂಕು. ಹೊಳಪೇ ಪುರಾವೆಯಾದರೆ ಹಾಗೆಯೇ ಹೊಳೆಯುವ ಬಟ್ಟೆ ಒಗೆಯುವ ಪುಡಿಯ ನೀರೂ ಕಾರ್ಬನ್ ಡಾಟ್ ಆಗಬೇಕಿತ್ತು.

ಇನ್ನು ಕ್ಯಾನ್ಸರ್ ಕೋಶದ ಮಾತು. ಪ್ರಯೋಗಾಲಯದಲ್ಲಿ ಕಾರ್ಬನ್ ಡಾಟ್ ಹಾಕಿ ಕೋಶಗಳ ಚಿತ್ರ ತೆಗೆಯುವಾಗಲೂ ಎಚ್ಚರ ಬೇಕು, ಏಕೆಂದರೆ ಕೋಶಗಳಿಗೂ ಸ್ವಂತ ಹೊಳಪಿದೆ. ಕೋಶದೊಳಗೆ ಸಹಜವಾಗಿಯೇ ಇರುವ ಎನ್‌ಎಡಿಎಚ್ ಎಂಬ ಅಣು ನೀಲಿಯಾಗಿ, ಫ್ಲೇವಿನ್ ಎಂಬುದು ಹಸಿರಾಗಿ ಹೊಳೆಯುತ್ತವೆ. ಹಾಗಾಗಿ ಏನೂ ಹಾಕದ ಕೋಶಗಳ ಚಿತ್ರವನ್ನೂ ಅದೇ ಲೇಸರ್ ಶಕ್ತಿ, ಅದೇ ಎಕ್ಸ್‌ಪೋಶರ್‌ನಲ್ಲಿ ತೆಗೆಯಲೇಬೇಕು. ಸತ್ತ ಕೋಶದ ಪೊರೆ ತೂತಾಗಿ ಬಣ್ಣವನ್ನು ಸುಮ್ಮನೆ ಒಳಬಿಡುವುದರಿಂದ, ಕೋಶ ಬದುಕಿದೆಯೇ ಎಂಬ ಪರೀಕ್ಷೆಯೂ ಜೊತೆಗಿರಬೇಕು.

ಇದೆಲ್ಲ ನಡೆಯುವುದು ಸೂಕ್ಷ್ಮದರ್ಶಕದ ಕೆಳಗಿನ ತಟ್ಟೆಯಲ್ಲಿ. ನೀಲಿ ಬೆಳಕು ಮೈಯೊಳಗೆ ಹೆಚ್ಚು ಆಳಕ್ಕೆ ಇಳಿಯುವುದಿಲ್ಲ. ಕುಡಿದರೆ ಗಡ್ಡೆ ಕಾಣುವುದಿಲ್ಲ. ದಯವಿಟ್ಟು ಯಾರಿಗೂ ಕುಡಿಸಬೇಡಿ. ಯೂರಿಯಾ ಕಾದರೆ ಅಮೋನಿಯಾ ಏಳುತ್ತದೆ, ಅಡುಗೆಯ ಮೈಕ್ರೋವೇವ್‌ನಲ್ಲಿ ಮಾಡಲೂಬೇಡಿ.

ಆ ಸಂದೇಶವನ್ನು ಮುಂದೆ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ, ಅದೇ ಗುಂಪಿಗೆ ಇದನ್ನೂ ಹಾಕಿ.