ಬ್ಯಾಗ್ ಬಂತು, ಕಬ್ಬಿನ ದುಡ್ಡು ಬರಲಿಲ್ಲ

ಹೋದ ವರ್ಷ ಮಾರ್ಚ್‌ನಲ್ಲಿ ಊರಿಗೆ ಹೋಗಿದ್ದೆ. ಮದ್ದೂರು ಕಡೆಯ ಸಣ್ಣ ಹಳ್ಳಿ ನಮ್ಮದು. ಅಣ್ಣನ ಮಗಳು ಶಾಲೆಯಿಂದ ಬಂದವಳೇ ಹೊಸ ಬ್ಯಾಗ್ ತಂದು ನನ್ನ ಮಡಿಲಿಗೆ ಹಾಕಿದಳು. ನೀಲಿ ಬ್ಯಾಗು. ಒಳಗೆ ಆರು ನೋಟ್‌ಬುಕ್ಕು, ಒಂದು ಜಾಮಿಟ್ರಿ ಬಾಕ್ಸು. ಹೊರಗೆ ದಪ್ಪ ಅಕ್ಷರದಲ್ಲಿ ನಾವು ಕಬ್ಬು ಹಾಕುವ ಕಾರ್ಖಾನೆಯ ಹೆಸರು. "ಚಿಕ್ಕಪ್ಪ, ನಮ್ಮನ್ನೆಲ್ಲ ಸಾಲಾಗಿ ನಿಲ್ಸಿ ಫೋಟೋನೂ ತೆಗೆದ್ರು" ಅಂದಳು. ಮಗು ಖುಷಿಯಾಗಿತ್ತು. ನನಗೂ ಖುಷಿಯಾಯಿತು.

ಜಗುಲಿ ಮೇಲೆ ಕೂತಿದ್ದ ಅಣ್ಣ ಬ್ಯಾಗಿನ ಕಡೆ ನೋಡಲಿಲ್ಲ. "ಬ್ಯಾಗ್ ಕೊಟ್ಟವ್ರೆ ಕಣ್ಲಾ, ಕಬ್ಬಿನ ದುಡ್ಡು ಕೊಟ್ಟಿಲ್ಲ" ಅಂದ. ಒಳಗೆ ಹೋಗಿ ತೂಕದ ಚೀಟಿಗಳ ಕಟ್ಟು ತಂದ. ರಬ್ಬರ್ ಬ್ಯಾಂಡ್ ಹಾಕಿ ಕ್ಯಾಲೆಂಡರ್ ಹಿಂದೆ ಸಿಕ್ಕಿಸಿಟ್ಟಿದ್ದ. ಕೊನೆಯ ಲೋಡಿನ ಚೀಟಿ ಡಿಸೆಂಬರ್ 10ರದು. ನಾವು ಕೂತು ಮಾತಾಡಿದ್ದು ಮಾರ್ಚ್ 14ಕ್ಕೆ.

ನಮ್ಮ ರೈತರಿಗೆ ಬಾಯಿಪಾಠ ಆಗಬೇಕಾದ ಒಂದು ಕಾನೂನಿದೆ. 1966ರ ಕಬ್ಬು ನಿಯಂತ್ರಣ ಆದೇಶ. ಕಬ್ಬು ಕಾರ್ಖಾನೆ ಗೇಟಿಗೆ ಮುಟ್ಟಿದ 14 ದಿನದೊಳಗೆ ದುಡ್ಡು ಕೊಡಬೇಕು. ತಡವಾದರೆ ವರ್ಷಕ್ಕೆ ಶೇ. 15ರ ಬಡ್ಡಿ ಸೇರಿಸಿ ಕೊಡಬೇಕು. ಅವತ್ತು ಅಣ್ಣನೂ ನಾನೂ ಪೆನ್ನು ಹಿಡಿದು ಲೆಕ್ಕ ಹಾಕಿದೆವು. ಅವನು ಹಾಕಿದ್ದು 60 ಟನ್. ಲೆಕ್ಕ ಸುಲಭವಾಗಲಿ ಅಂತ ಟನ್ನಿಗೆ 3,000 ಹಿಡಿದೆವು. ಒಟ್ಟು 1,80,000. ಹದಿನಾಲ್ಕು ದಿನದ ಗಡುವು ಮುಗಿದು ಆಗಲೇ 80 ದಿನ ಆಗಿತ್ತು. ಬಡ್ಡಿ ಹತ್ತಿರ ಹತ್ತಿರ 6,000 ರೂಪಾಯಿ. ಆ ಬ್ಯಾಗು, ಪುಸ್ತಕ, ಬಾಕ್ಸು ಎಲ್ಲ ಸೇರಿಸಿದರೂ ಮದ್ದೂರು ಪೇಟೆಯಲ್ಲಿ ಅದರ ಹತ್ತನೇ ಒಂದು ಪಾಲು ಆಗಬಹುದು.

ಇಷ್ಟರ ಮಧ್ಯೆ ಅಣ್ಣ ಗೊಬ್ಬರಕ್ಕೆ, ಕೂಲಿಗೆ ಅಂತ ಕೈಸಾಲ ಮಾಡಿದ್ದ. ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿ. ಅಂದರೆ ಕಾರ್ಖಾನೆ ನಮ್ಮ ದುಡ್ಡನ್ನು ಬಡ್ಡಿಯಿಲ್ಲದೆ ಇಟ್ಟುಕೊಂಡಿತ್ತು, ನಾವು ಬಡ್ಡಿ ಕೊಟ್ಟು ಇನ್ನೊಬ್ಬರ ಹತ್ತಿರ ತಂದಿದ್ದೆವು. 2015ರಲ್ಲಿ ಮಂಡ್ಯದ ಕಬ್ಬು ಬೆಳೆಗಾರರು ಸಾಲದ ಹೊರೆ ತಾಳಲಾರದೆ ಪ್ರಾಣ ಬಿಟ್ಟ ಸುದ್ದಿಗಳನ್ನು ಓದಿದವರಿಗೆ ಈ ಬಡ್ಡಿ ಎಷ್ಟು ಭಾರ ಅಂತ ಬಿಡಿಸಿ ಹೇಳಬೇಕಿಲ್ಲ.

ಈಗ ಬ್ಯಾಗಿನ ಹಿಂದಿರುವ ಕಾನೂನು ನೋಡಿ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್. 2014ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 5 ಕೋಟಿ ನಿವ್ವಳ ಲಾಭವೋ, 1,000 ಕೋಟಿ ವಹಿವಾಟೋ, 500 ಕೋಟಿ ನಿವ್ವಳ ಮೌಲ್ಯವೋ ಇರುವ ಕಂಪನಿ, ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ನೂರಕ್ಕೆ ಎರಡು ರೂಪಾಯಿಯನ್ನು ಸಮಾಜದ ಕೆಲಸಕ್ಕೆ ಹಾಕಬೇಕು. ಇದನ್ನೇ ಸಿಎಸ್‌ಆರ್, ಅಂದರೆ ಕಂಪನಿಯ ಸಾಮಾಜಿಕ ಹೊಣೆ ಅನ್ನುತ್ತಾರೆ. ಖರ್ಚೂ ಮಾಡದೆ, ಉಳಿದದ್ದನ್ನು ಕಾನೂನು ಹೇಳಿದ ನಿಧಿಗೂ ಕಟ್ಟದೆ ಕೂತರೆ ದಂಡ ಇದೆ. ಬಾಕಿಯ ಎರಡು ಪಟ್ಟು ಅಥವಾ 1 ಕೋಟಿ, ಯಾವುದು ಕಡಿಮೆಯೋ ಅದು. ಹಾಗಾಗಿ ಬ್ಯಾಗು ಹೇಗೋ ಬರುತ್ತೆ. ಕಬ್ಬಿನ ಬಾಕಿಯನ್ನೂ ಭೂಕಂದಾಯದ ಬಾಕಿಯಂತೆ ವಸೂಲಿ ಮಾಡಬಹುದು ಅಂತ ಕಾನೂನಿದೆ. ಆದರೆ ಅದಕ್ಕೆ ರೈತರು ಡಿಸಿ ಆಫೀಸಿನ ಮುಂದೆ ಧರಣಿ ಕೂರಬೇಕು.

ನಾನೀಗ ಇರುವುದು ಜರ್ಮನಿಯ ಸ್ಟುಟ್‌ಗಾರ್ಟ್ ಪಕ್ಕದ ಸಿಂಡೆಲ್‌ಫಿಂಗೆನ್ ಅನ್ನೋ ಊರಲ್ಲಿ. ಬಂದು ಹತ್ತು ವರ್ಷದ ಮೇಲಾಯಿತು. 1915ರಿಂದ ಇಲ್ಲಿ ಮರ್ಸಿಡಿಸ್ ಕಾರ್ಖಾನೆ ಇದೆ. ಪೇಟೆಯ ನಡುವೆ ರಸ್ತೆ ದಾಟುವ ಕಡೆ ಒಂದು ಜೀಬ್ರಾ ಪಟ್ಟಿ ಇದೆ. ಅದರ ಬಿಳಿ ಪಟ್ಟೆಗಳು ಬಣ್ಣ ಬಳಿದದ್ದಲ್ಲ, ಅಮೃತಶಿಲೆ. ಇಟಲಿಯ ಕರಾರಾದಿಂದ ತಂದದ್ದು. ಮೊದಲ ಸಲ ನೋಡಿದಾಗ ಬಗ್ಗಿ ಕೈಯಿಂದ ಮುಟ್ಟಿ ನೋಡಿದ್ದೆ, ತಣ್ಣಗಿತ್ತು. ಅದರ ಮೇಲೆ ಯಾವ ಕಂಪನಿಯ ಹೆಸರೂ ಇರಲಿಲ್ಲ.

ಯಾಕೆಂದರೆ ಅದನ್ನು ಹಾಕಿಸಿದ್ದು ಊರಿನ ಪುರಸಭೆ. ಇಲ್ಲಿ ಕಂಪನಿ ಲಾಭದ ಮೇಲೆ ವ್ಯಾಪಾರ ತೆರಿಗೆ ಅಂತ ಒಂದಿದೆ. ಅದರ ದೊಡ್ಡ ಪಾಲು ಕಾರ್ಖಾನೆ ಇರುವ ಊರಿಗೇ ಸೇರುತ್ತೆ. ದರ ಎಷ್ಟಿರಬೇಕು ಅಂತ ತೀರ್ಮಾನಿಸೋದೂ ಊರೇ. ಆ ದುಡ್ಡಲ್ಲಿ ಅಮೃತಶಿಲೆ ಹಾಸಬೇಕೋ, ಶಾಲೆ ಕಟ್ಟಬೇಕೋ ಅಂತ ಜನ ಆರಿಸಿದವರು ಕೂತು ಜಗಳ ಆಡಿ ನಿರ್ಧಾರ ಮಾಡುತ್ತಾರೆ. ತಪ್ಪು ಮಾಡಿದರೆ ಮುಂದಿನ ಚುನಾವಣೆಯಲ್ಲಿ ಕೇಳಬಹುದು. ನಮ್ಮಲ್ಲಿ ಕಂಪನಿಯ ಆದಾಯ ತೆರಿಗೆ ದೆಹಲಿಗೆ ಹೋಗುತ್ತೆ. ಚಿಮಣಿಯ ಕರಿ ಬೂದಿ ಬೀಳುವ ಪಂಚಾಯ್ತಿಗೆ ಆ ಲಾಭದಲ್ಲಿ ನೇರ ಪಾಲಿಲ್ಲ. ಸಿಎಸ್‌ಆರ್ ದುಡ್ಡಲ್ಲಿ ಏನು ಮಾಡಬೇಕು ಅಂತ ತೀರ್ಮಾನಿಸೋದು ಕಂಪನಿಯ ಸಮಿತಿ. ಅವರಿಗೆ ಬ್ಯಾಗ್ ಕೊಡಬೇಕು ಅನ್ನಿಸಿದರೆ ಬ್ಯಾಗು.

ಲಾಭಕ್ಕೆ ನೂರಕ್ಕೆ ಎರಡು ಅನ್ನೋ ಕಾನೂನು ಜರ್ಮನಿಯಲ್ಲಿಲ್ಲ. ನಮ್ಮ ದೇಶದಲ್ಲಿದೆ ಅಂತ ಹೇಳಿದಾಗ ಜೊತೆ ಕೆಲಸ ಮಾಡುವವರು ಆಶ್ಚರ್ಯಪಟ್ಟರು, ಒಳ್ಳೆಯದು ಅಂದರು. ನನಗೂ ಹೆಮ್ಮೆಯೇ. ಆದರೆ ಇಲ್ಲಿ ಹೊಣೆಯನ್ನು ಬೇರೆ ಜಾಗದಲ್ಲಿ ಇಟ್ಟಿದ್ದಾರೆ. 1949ರ ಇಲ್ಲಿನ ಸಂವಿಧಾನದ 14ನೇ ವಿಧಿ, ಆಸ್ತಿ ಅನ್ನೋದು ಹಕ್ಕಷ್ಟೇ ಅಲ್ಲ, ಹೊಣೆ ಕೂಡ ಅನ್ನುತ್ತೆ. 1976ರ ಕಾನೂನಿನ ಪ್ರಕಾರ 2,000ಕ್ಕಿಂತ ಜಾಸ್ತಿ ನೌಕರರಿರುವ ಕಂಪನಿಯ ಮೇಲ್ವಿಚಾರಣಾ ಮಂಡಳಿಯಲ್ಲಿ, ಅಂದರೆ ಆಡಳಿತದವರ ಮೇಲೆ ಕಣ್ಣಿಡುವ ಮಂಡಳಿಯಲ್ಲಿ, ಅರ್ಧ ಕುರ್ಚಿ ನೌಕರರ ಕಡೆಯವರದ್ದು. ಬಾಷ್ ಕಂಪನಿಯ ಶೇ. 90ಕ್ಕೂ ಹೆಚ್ಚು ಬಂಡವಾಳ ಒಂದು ಧರ್ಮದತ್ತಿ ಸಂಸ್ಥೆಯ ಕೈಯಲ್ಲಿದೆ. ಅದರ ಆಸ್ಪತ್ರೆ ಸ್ಟುಟ್‌ಗಾರ್ಟ್‌ನಲ್ಲೇ ಇದೆ. ದುಡ್ಡು ಹುಟ್ಟುವಾಗಲೇ ಹೊಣೆ ಶುರುವಾಗುತ್ತೆ, ಹಂಚುವಾಗ ಅಲ್ಲ.

ಹಾಗಂತ ಇವರೆಲ್ಲ ಸತ್ಯಹರಿಶ್ಚಂದ್ರರು ಅಂತ ನಾನು ಹೇಳಲ್ಲ. ಹೊಗೆ ಪರೀಕ್ಷೆಗೆ ಮೋಸ ಮಾಡುವ ಸಾಫ್ಟ್‌ವೇರನ್ನು ಸುಮಾರು 1.1 ಕೋಟಿ ಕಾರುಗಳಿಗೆ ಹಾಕಿದ್ದಾಗಿ 2015ರಲ್ಲಿ ಒಪ್ಪಿಕೊಂಡ ಫೋಕ್ಸ್‌ವ್ಯಾಗನ್ ಕೂಡ ಈ ದೇಶದ್ದೇ. ಆ ಕಂಪನಿಯ ಮೇಲ್ವಿಚಾರಣಾ ಮಂಡಳಿಯಲ್ಲೂ ನೌಕರರ ಕಡೆಯವರಿದ್ದರು. ಲಾಭದ ಒತ್ತಡ ಎಲ್ಲ ಕಡೆ ಒಂದೇ.

ಜರ್ಮನಿಗೆ ಬರೋಕೆ ಮುಂಚೆ ಮೈಸೂರಿನಲ್ಲಿ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದೆ. ನನ್ನ ಪಕ್ಕದ ಮಷೀನಿನಲ್ಲಿ ನಿಲ್ಲುತ್ತಿದ್ದವನು ಕಾಂಟ್ರ್ಯಾಕ್ಟ್ ಕೆಲಸಗಾರ. ನಂಜನಗೂಡು ಕಡೆಯ ಹುಡುಗ. ನಾನು ಮಾಡಿದ್ದೇ ಕೆಲಸ ಅವನೂ ಮಾಡುತ್ತಿದ್ದ, ಸಂಬಳ ಮಾತ್ರ ನನ್ನದರ ಅರ್ಧವೂ ಇರಲಿಲ್ಲ. ಪರಿಸರ ದಿನಕ್ಕೆ ಅವನಿಗೂ ಒಂದು ಟೀ ಶರ್ಟ್ ಹಾಕಿಸಿ ಗಿಡ ನೆಡೋಕೆ ಕರೆದುಕೊಂಡು ಹೋದರು. ಕಂಪನಿ ತನ್ನ ನೌಕರರಿಗೆ ಮಾತ್ರ ಮಾಡುವ ಖರ್ಚು ಸಿಎಸ್‌ಆರ್ ಲೆಕ್ಕಕ್ಕೆ ಬರಲ್ಲ ಅಂತ ನಿಯಮ. ಅದು ಸರಿಯಾದ ನಿಯಮವೇ. ಇಲ್ಲದಿದ್ದರೆ ಸಂಬಳವನ್ನೇ ಸಮಾಜಸೇವೆ ಅಂತ ತೋರಿಸಿಬಿಡುತ್ತಾರೆ. ಆದರೆ ಅವನ ಸಂಬಳವನ್ನು ಲೆಕ್ಕ ಕೇಳುವ ಕಾಲಂ ವಾರ್ಷಿಕ ಸಿಎಸ್‌ಆರ್ ವರದಿಯಲ್ಲಿ ಇರುವುದಿಲ್ಲ, ನೆಟ್ಟ ಗಿಡಗಳ ಸಂಖ್ಯೆ ಇರುತ್ತೆ.

ಅದೇ ಮೈಸೂರಿನಲ್ಲಿ ಮನಸ್ಸು ತುಂಬುವ ಕೆಲಸವನ್ನೂ ನೋಡಿದ್ದೀನಿ. ಹೆಬ್ಬಾಳ ಕೆರೆ. ಇನ್ಫೋಸಿಸ್ ಫೌಂಡೇಶನ್ ದುಡ್ಡಲ್ಲಿ ಅದಕ್ಕೆ ಮತ್ತೆ ಜೀವ ಬಂತು. ಸುಮ್ನೆ ಹೂಳೆತ್ತಿ, ಬೇಲಿ ಹಾಕಿ, ಬೋರ್ಡ್ ನೆಟ್ಟು ಹೋಗಲಿಲ್ಲ. ಕೆರೆಗೆ ಬರುವ ಚರಂಡಿ ನೀರನ್ನು ಶುದ್ಧ ಮಾಡುವ ಘಟಕವನ್ನೂ ಕಟ್ಟಿದರು. ಕೊಳೆ ಎಲ್ಲಿಂದ ಬರುತ್ತೆ ಅಂತ ನೋಡಿ ಅಲ್ಲಿಗೆ ಕೈ ಹಾಕಿದ್ದು ನನಗೆ ಬಹಳ ಹಿಡಿಸಿತು. ಕಂಪನಿಯ ಕ್ಯಾಂಪಸ್ ಇರುವುದೂ ಅದೇ ಹೆಬ್ಬಾಳದಲ್ಲಿ. ತಾನಿರುವ ಜಾಗಕ್ಕೆ ಮೊದಲ ಆದ್ಯತೆ ಕೊಡು ಅಂತ 135ನೇ ಸೆಕ್ಷನ್ನೂ ಹೇಳುತ್ತೆ.

ನಮ್ಮ ಊರಿನ ಕಥೆ ಹಾಗಾಗಲಿಲ್ಲ. ಬಸ್ ಸ್ಟಾಂಡ್ ಹತ್ತಿರ ಒಂದು ಶುದ್ಧ ನೀರಿನ ಘಟಕ ಇದೆ. ಇದೂ ಸಿಎಸ್‌ಆರ್ ದುಡ್ಡಲ್ಲಿ ಬಂದದ್ದೇ, ಕೊಟ್ಟವರು ಬೇರೆ ಕಂಪನಿ. ಕಾಯಿನ್ ಹಾಕಿದರೆ ಒಂದು ಕ್ಯಾನ್ ನೀರು ಬರುತ್ತಿತ್ತು. ಎರಡು ವರ್ಷ ಚೆನ್ನಾಗೇ ನಡೆಯಿತು. ಅವ್ವ ದಿನಾ ಸಂಜೆ ಕ್ಯಾನ್ ಹಿಡಿದು ಹೋಗುತ್ತಿದ್ದಳು. ಆಮೇಲೆ ಫಿಲ್ಟರ್ ಕಟ್ಟಿಕೊಂಡಿತು. ಕಂಪನಿಯವರು ನಮ್ಮ ಪ್ರಾಜೆಕ್ಟ್ ಮುಗಿದಿದೆ ಅಂದರು. ಪಂಚಾಯ್ತಿಯವರು ನಮಗೆ ಹಸ್ತಾಂತರವೇ ಆಗಿಲ್ಲ ಅಂದರು. ಈಗ ಬೀಗ ಹಾಕಿದೆ. ಕಾಯಿನ್ ಹಾಕುವ ತೂತಿನಲ್ಲಿ ಕಣಜ ಗೂಡು ಕಟ್ಟಿದೆ. ಅವ್ವ ಮತ್ತೆ ಬೋರ್‌ವೆಲ್ ನೀರನ್ನೇ ಕುದಿಸಿ ಕುಡಿಯುತ್ತಾಳೆ.

ಲಾಭ ಬೇಡ ಅಂತ ನಾನು ಯಾವತ್ತೂ ಹೇಳಲ್ಲ. ಮಂಡ್ಯದವರಿಗೆ ಹಾಗೆ ಹೇಳೋಕೆ ಬಾಯೇ ಬರಲ್ಲ. ವಿಶ್ವೇಶ್ವರಯ್ಯ ನಾಲೆಯ ನೀರಲ್ಲಿ ಬೆಳೆದ ಕಬ್ಬಿಗೆ ಒಂದು ದಾರಿ ಬೇಕು ಅಂತ 1933ರಲ್ಲಿ ಮೈಸೂರು ಸಕ್ಕರೆ ಕಂಪನಿ, ನಮ್ಮ ಮೈಷುಗರ್, ಹುಟ್ಟಿತು. ಸರ್ಕಾರದ ಜೊತೆ ರೈತರೂ ಷೇರು ಕೊಂಡರು. ಮಂಡ್ಯ ಜಿಲ್ಲೆಯಾಗಿದ್ದೇ ಆಮೇಲೆ, 1939ರಲ್ಲಿ. ಅಂಥ ಕಾರ್ಖಾನೆ ನಷ್ಟದಲ್ಲಿ ಮುಳುಗಿ, ಕೆಲವು ವರ್ಷ ನಿಂತೇ ಹೋಗಿ, 2022ರಲ್ಲಿ ಮತ್ತೆ ಶುರುವಾಯಿತು. ನಿಂತಿದ್ದ ವರ್ಷಗಳಲ್ಲಿ ಕಬ್ಬು ಬೆಳೆದವರು ಯಾರ ಗೇಟಿಗೆ ಹಾಕೋದು ಅಂತ ಅಲೆದದ್ದು ನಮ್ಮ ಕಣ್ಣ ಮುಂದೆಯೇ ಇದೆ. ನಷ್ಟದ ಕಾರ್ಖಾನೆ ಯಾರನ್ನೂ ಸಾಕಲ್ಲ. ಇನ್ನೊಂದು ಮಾತು: ಲಾಭವೇ ಇಲ್ಲದ ಕಂಪನಿಗೆ ಸಿಎಸ್‌ಆರ್‌ನ ಎರಡು ಪರ್ಸೆಂಟೂ ಇಲ್ಲ.

ಕಂಪನಿಯ ಸಾಮಾಜಿಕ ಹೊಣೆ ಅಂದರೆ ಲಾಭ ಹೆಚ್ಚಿಸೋದೇ ಅಂತ 1970ರಲ್ಲಿ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ ವಾದಿಸಿದ್ದರು. ನನಗೆ ಆ ವಾದ ಪೂರ್ತಿ ಒಪ್ಪಿಗೆಯಿಲ್ಲ. ಆದರೆ ಅವರೂ ಆಟದ ನಿಯಮದೊಳಗೆ ಆಡಬೇಕು ಅಂತ ಷರತ್ತು ಹಾಕಿದ್ದರು. ಹದಿನಾಲ್ಕು ದಿನ ಅನ್ನೋದು ಆಟದ ನಿಯಮ. ಲಾಭವೇ ಎಲ್ಲ ಅನ್ನುವವರ ಲೆಕ್ಕದಲ್ಲೂ ನಮ್ಮ ಕಾರ್ಖಾನೆ ತಪ್ಪಿದಂತಾಯಿತು, ಅಲ್ವಾ?

ಹಾಗಾಗಿ ನಾನು ಕೇಳೋದು ದೊಡ್ಡದೇನಲ್ಲ. ಕಂಪನಿಗಳು ಸಿಎಸ್‌ಆರ್ ಯೋಜನೆಯನ್ನು ಗ್ರಾಮಸಭೆಯ ಮುಂದಿಟ್ಟು ಊರಿಗೆ ಏನು ಬೇಕು ಅಂತ ಕೇಳಲಿ. ಏನೇ ಕಟ್ಟಿದರೂ ಅದನ್ನು ಮುಂದೆ ನಡೆಸುವವರು ಯಾರು, ರಿಪೇರಿಗೆ ದುಡ್ಡು ಎಲ್ಲಿಂದ ಅಂತ ಕಟ್ಟುವ ಮೊದಲೇ ಬರೆದಿಡಲಿ. ಇನ್ನೊಂದು, ಶಾಲೆ ಗೋಡೆಯ ಮೇಲೆ ಕಾರ್ಖಾನೆಯ ಹೆಸರು ಬರೆಯುತ್ತಾರಲ್ಲ, ಅದರ ಕೆಳಗೆ ಯಾವ ತಾರೀಕಿನವರೆಗೆ ಬಂದ ಕಬ್ಬಿಗೆ ದುಡ್ಡು ಕೊಟ್ಟಿದ್ದೇವೆ ಅಂತಲೂ ಬರೆಯಲಿ. ವಾರಕ್ಕೊಂದು ಸಲ ಅಳಿಸಿ ಹೊಸ ತಾರೀಕು ಹಾಕಲಿ. ಮಕ್ಕಳೂ ಓದಲಿ, ಅಪ್ಪಂದಿರೂ ಓದಲಿ.

ಅಣ್ಣನ ದುಡ್ಡು ಮೇ ಮೊದಲ ವಾರ ಬ್ಯಾಂಕಿಗೆ ಬಿತ್ತು. ಅಸಲು ಮಾತ್ರ. ಬಡ್ಡಿಯ ಸುದ್ದಿಯೇ ಇಲ್ಲ. ಚೀಟಿ ಎಸೆಯಬೇಡ ಅಣ್ಣ, ಅರ್ಜಿ ಬರೆಯೋಣ ಅಂತ ಹೇಳಿದ್ದೀನಿ. ಮೊನ್ನೆ ಫೋನ್ ಮಾಡಿದಾಗ ಕೇಳಿದೆ. "ಅಲ್ಲೇ ಐತೆ ಕಣ್ಲಾ, ಹೊಸ ಕ್ಯಾಲೆಂಡರ್ ಹಿಂದೆ" ಅಂದ.